ನಾಯಿ ತಿಂದ ಚೀಲಕ್ಕೇ ರೀಕಾಲ್ ಬಂದಿದೆ, ಈಗ ಏನು ಮಾಡಲಿ? (ಕಾರವಾರ)

ಕೋಡಿಬಾಗದ ಮನೆ · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಗಾಬರಿಯಲ್ಲಿ ಬರೀತಿದ್ದೇನೆ, ಹಿಂದೆ ಮುಂದೆ ಆದರೆ ಕ್ಷಮಿಸಿ. ನಮ್ಮದು ಕಾರವಾರ, ಕೋಡಿಬಾಗ. ಮನೆಯಲ್ಲಿ ಪಾಂಡು ಅಂತ ಕಪ್ಪು ಲ್ಯಾಬ್ರಡಾರ್ ನಾಯಿ ಇದ್ದಾನೆ, ನಾಲ್ಕು ವರ್ಷ, 29 ಕೆ.ಜಿ. ಬೆಳಿಗ್ಗೆ ಸಂಜೆ ಚೀಲದ ಒಣ ಕಾಳು (ಕಂಪನಿ ನಾಯಿ ಆಹಾರ), ಮಧ್ಯಾಹ್ನ ಸ್ವಲ್ಪ ಅನ್ನ, ಮೀನು.

ಒಂದು ಗಂಟೆ ಹಿಂದೆ ಹುಬ್ಬಳ್ಳಿಯಿಂದ ನನ್ನ ತಂಗಿ ಫೋನ್ ಮಾಡಿದಳು. ಅವಳೂ ಇದೇ ಕಾಳು ಹಾಕೋದು. ಕಂಪನಿಯವರು ಕೆಲವು ಬ್ಯಾಚ್ ವಾಪಸ್ ತಗೊಳ್ತಿದ್ದಾರಂತೆ, ಗೋವಿನಜೋಳದಲ್ಲಿ ಬೂಸ್ಟಿನ ವಿಷ ಸಿಕ್ಕಿದೆಯಂತೆ, ಅಫ್ಲಾಟಾಕ್ಸಿನ್ ಅಂತ. ನಮ್ಮದು 10 ಕೆ.ಜಿ. ಚೀಲ, ಒಡೆದು 19 ದಿನ ಆಯ್ತು. ತಳದಲ್ಲಿ ಸ್ವಲ್ಪ ಉಳಿದಿದೆ. ಇವತ್ತು ಸಂಜೆ ಆರೂವರೆಗೂ ಬಟ್ಟಲು ತುಂಬ ಹಾಕಿದ್ದೇನೆ, ನನ್ನ ಕೈಯಾರೆ.

ಈಗ ಯೋಚನೆ ಮಾಡಿದರೆ ಮೂರು ದಿನದಿಂದ ಅವನು ಬಟ್ಟಲಲ್ಲಿ ಸ್ವಲ್ಪ ಬಿಡ್ತಾ ಇದ್ದ. ನಿನ್ನೆ ಬೆಳಿಗ್ಗೆ ಒಮ್ಮೆ ಹಳದಿ ನೀರು ವಾಂತಿ ಮಾಡಿದ. ಹುಲ್ಲು ತಿಂದಿರಬೇಕು ಅಂದುಕೊಂಡೆವು. ಈಗ ನೋಡಿದರೆ ಬಾಲ ಆಡಿಸ್ತಾ ಬಾಗಿಲಲ್ಲಿ ಕೂತಿದ್ದಾನೆ.

ಮನೆಯವರು ಬೆಳಗಾಗಲಿ ಅಂತಾರೆ. ಅತ್ತೆ ಎಳನೀರು ಕೊಡು, ವಿಷ ಇಳಿಯುತ್ತದೆ ಅಂತಾರೆ. ಪಕ್ಕದ ಮನೆಯವರು ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಿ ಅಂತಾರೆ. ಹೊರಗೆ ಮಳೆ ಹಿಡಿದರೆ ಬಿಡ್ತಾ ಇಲ್ಲ. ಇನ್ನೊಂದು ಮಾತು, ಅವನು ಬಿಟ್ಟ ಕಾಳನ್ನು ನಾನು ಗೇಟಿನ ಹತ್ತಿರ ಬರುವ ಎರಡು ಬೀದಿನಾಯಿಗಳಿಗೆ ಹಾಕಿದ್ದೇನೆ. ಯಾರಾದರೂ ತಿಳಿದವರು ಹೇಳಿ.

ಬಿಣಗಾ ರೈಲ್ವೇ ಗೇಟ್ · ರಾತ್ರಿ 9:48

ಅಕ್ಕಾ, ಉಪ್ಪು ನೀರು ಮಾತ್ರ ಬೇಡ. ನಮ್ಮ ಓಣಿಯಲ್ಲಿ ಒಂದು ಪೊಮೇರಿಯನ್ ಮರಿ ಹಾಗೇ ಹೋಗಿದೆ. ಇಲಿ ಪಾಷಾಣ ತಿಂದಿದೆ ಅಂತ ಅನುಮಾನಕ್ಕೆ ಉಪ್ಪು ಕಲಸಿ ಕುಡಿಸಿದ್ದರು. ಆಮೇಲೆ ಡಾಕ್ಟ್ರು ಹೇಳಿದ್ದು, ಪಾಷಾಣ ಅಲ್ಲ, ಉಪ್ಪೇ ಮೆದುಳಿಗೆ ಏರಿದ್ದು ಅಂತ.

ನಿವೃತ್ತ ಪಶುವೈದ್ಯ, ಕುಮಟಾ · ರಾತ್ರಿ 10:05

ತಂಗೀ, ಮೊದಲು ಆ ಕಾಳು ನಿಲ್ಲಿಸಿ. ಆಹಾರ ಬದಲಿಸುವಾಗ ವಾರದ ಮೇಲೆ ಸ್ವಲ್ಪ ಸ್ವಲ್ಪ ಬದಲಿಸಬೇಕು ಅಂತ ನಾವೇ ಹೇಳುವುದುಂಟು. ಇಲ್ಲಿ ಆ ಲೆಕ್ಕ ಇಲ್ಲ. ಈ ರಾತ್ರಿಯಿಂದಲೇ ಒಂದು ಕಾಳೂ ಬೇಡ. ಬಟ್ಟಲಲ್ಲಿ ಶುದ್ಧ ನೀರು ಇಡಿ. ಹಸಿವಾದರೆ ಮೆತ್ತಗೆ ಬೇಯಿಸಿದ ಅನ್ನ, ಉಪ್ಪು ಖಾರ ಇಲ್ಲದ ಕೋಳಿ ಅಥವಾ ಮುಳ್ಳು ತೆಗೆದ ಬೆಂದ ಮೀನು, ಸ್ವಲ್ಪ ಸ್ವಲ್ಪ.

ವಾಂತಿ ಮಾಡಿಸುವುದು ಬೇಡ. ಈಗ ಹೊಟ್ಟೆಯಲ್ಲಿರುವುದು ಸಂಜೆಯ ಒಂದು ಊಟ ಮಾತ್ರ. ಉಳಿದ 18 ದಿನದ ವಿಷ ಆಗಲೇ ಲಿವರಿಗೆ ಹೋಗಿ ಆಗಿದೆ. ಈ ವಿಷ ಒಂದು ತುತ್ತಿಗೆ ಬೀಳಿಸುವುದು ಅಪರೂಪ. ದಿನಾ ಸ್ವಲ್ಪ ಸ್ವಲ್ಪ ಸೇರಿ ಲಿವರನ್ನು ತಿನ್ನುತ್ತದೆ. ಅದಕ್ಕೇ ನಾಯಿ ಬಾಲ ಆಡಿಸುತ್ತಿದೆ ಎಂಬುದನ್ನು ನಂಬಿ ಕೂರಬೇಡಿ. ಮುಕ್ಕಾಲು ಲಿವರ್ ಹೋಗುವವರೆಗೂ ಹೊರಗೆ ಏನೂ ತೋರಿಸದ ನಾಯಿಗಳನ್ನು ನಾನು ನೋಡಿದ್ದೇನೆ.

ಎಳನೀರೂ ಈಗ ಬೇಡ ಅಂತ ಅತ್ತೆಯವರಿಗೆ ನನ್ನ ಹೆಸರಲ್ಲೇ ಹೇಳಿ. ಅದರಲ್ಲಿ ಪೊಟ್ಯಾಸಿಯಂ ಬಹಳ. ಕಿಡ್ನಿ ಸರಿ ಇದೆಯೋ ಇಲ್ಲವೋ ಗೊತ್ತಾಗುವ ಮೊದಲು ಪೊಟ್ಯಾಸಿಯಂ ತುಂಬಿದರೆ ಹೃದಯಕ್ಕೆ ಪೆಟ್ಟು. ಹಾಲು, ತುಪ್ಪ, ಕೊಬ್ಬರಿ ಎಣ್ಣೆ, ಹಸಿ ಮೊಟ್ಟೆ ಯಾವುದೂ ಈ ವಿಷವನ್ನು ಇಳಿಸುವುದಿಲ್ಲ. ಮೈ ಬಿಸಿ ಇದ್ದರೆ ಮನುಷ್ಯರ ಪ್ಯಾರಾಸಿಟಮಾಲ್ ಕೊಡಬೇಡಿ, ಅದು ಲಿವರಿಗೆ ಎರಡನೇ ಏಟು. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕಂತೂ ಒಂದೇ ಮಾತ್ರೆ ಸಾಕು, ಜೀವ ಹೋಗುತ್ತದೆ.

ಈಗ ಒಂದು ಕೆಲಸ ಮಾಡಿ. ಬಿಳಿ ಬೆಳಕಿನ ಟಾರ್ಚ್ ಹಿಡಿದು ತುಟಿ ಎತ್ತಿ ಒಸಡು ನೋಡಿ. ಹಳದಿ ಬಲ್ಬಿನ ಕೆಳಗೆ ನೋಡಬೇಡಿ, ಕಾಮಾಲೆ ಇದ್ದರೂ ಕಾಣುವುದಿಲ್ಲ. ಕಪ್ಪು ನಾಯಿಯಾದ್ದರಿಂದ ಕಣ್ಣಿನ ಬಿಳಿ ಭಾಗ, ಕಿವಿಯ ಒಳಮೈ, ಹೊಟ್ಟೆಯ ಕೂದಲಿಲ್ಲದ ಜಾಗ ನೋಡಿ. ಬೆಳಿಗ್ಗೆ ಕಿಟಕಿ ಹತ್ತಿರ ಇನ್ನೊಮ್ಮೆ ನೋಡಿ. ಒಸಡನ್ನು ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಬರಬೇಕು. ಒಸಡಿನ ಮೇಲೆ, ಹೊಟ್ಟೆಯ ಮೇಲೆ ಕೆಂಪು ಚುಕ್ಕೆ, ನೀಲಿಗಟ್ಟಿದ ಕಲೆ ಇದೆಯಾ ನೋಡಿ. ಲಿವರ್ ಕೆಟ್ಟರೆ ರಕ್ತ ಹೆಪ್ಪುಗಟ್ಟುವುದಿಲ್ಲ.

ಹಳದಿ ಬಣ್ಣ, ಮತ್ತೆ ಮತ್ತೆ ವಾಂತಿ, ಟಾರಿನ ಹಾಗೆ ಕಪ್ಪು ಮಲ, ಎಲ್ಲಿಂದಾದರೂ ರಕ್ತ, ಹೊಟ್ಟೆ ಉಬ್ಬುವುದು, ತೂರಾಡುವುದು, ಫಿಟ್ಸ್, ಇದರಲ್ಲಿ ಒಂದು ಕಂಡರೂ ಬೆಳಗಿನ ತನಕ ಕಾಯಬೇಡಿ. ಮಡಗಾಂವ್ ಕಡೆ ರಾತ್ರಿ ನೋಡುವವರು ಇದ್ದಾರಾ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ನಿಮಗೆ ಗೋವಾವೇ ಹತ್ತಿರ. ಯಾವುದೂ ಇಲ್ಲದಿದ್ದರೆ ಬೆಳಿಗ್ಗೆ ಆಸ್ಪತ್ರೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ.

ಚೀಲ ಬಿಸಾಡಬೇಡಿ. ಇದು ಬಹಳ ಮುಖ್ಯ.

ಕೋಡಿಬಾಗದ ಮನೆ · ರಾತ್ರಿ 10:52

ಡಾಕ್ಟ್ರೇ, ನಿಮ್ಮ ಉಪಕಾರ ಮರೆಯೋದಿಲ್ಲ. ಟಾರ್ಚ್ ಹಿಡಿದು ನೋಡಿದೆವು. ಒಸಡು ಗುಲಾಬಿಯೇ ಇದೆ, ಚುಕ್ಕೆ ಇಲ್ಲ. ಕಣ್ಣಿನ ಬಿಳಿ ನಂಗೆ ಸ್ವಲ್ಪ ಕೆನೆಬಣ್ಣ ಅನಿಸ್ತು, ಮಗನಿಗೆ ಹಾಗೆ ಅನಿಸಲಿಲ್ಲ.

ಬ್ಯಾಚ್ ನಂಬರ್ ಹುಡುಕೋದೇ ಒಂದು ಕೆಲಸ ಆಯ್ತು. ಚೀಲದ ತಳದ ಹೊಲಿಗೆಯ ಪಟ್ಟಿಯ ಮೇಲೆ ಕಪ್ಪು ಚುಕ್ಕೆ ಅಕ್ಷರದಲ್ಲಿ ಇತ್ತು. ಕಟ್ಟೆಯ ತೇವಕ್ಕೆ ಅರ್ಧ ಅಳಿಸಿದೆ. ಅಡ್ಡ ಬೆಳಕು ಬಿಟ್ಟು, ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆವು. ಎಂಟು ಅಕ್ಷರ ಸಿಕ್ಕಿದೆ, ಕೊನೆಯ ಎರಡು ಇಲ್ಲ. ಸಿಕ್ಕಿದ ಎಂಟೂ ಕಂಪನಿಯ ಪಟ್ಟಿಯ ಒಂದು ನಂಬರಿಗೆ ಹೊಂದುತ್ತದೆ. ಎಕ್ಸ್‌ಪೈರಿ ತಾರೀಖೂ ಅದೇ.

ನಿವೃತ್ತ ಪಶುವೈದ್ಯ, ಕುಮಟಾ · ರಾತ್ರಿ 11:04

ಅಷ್ಟು ಹೊಂದಿದರೆ ಅದೇ ಚೀಲ ಅಂತ ತಿಳಿದು ನಡೆಯಿರಿ. ಚೀಲದ ನಾಲ್ಕೂ ಮೈ, ಹೊಲಿಗೆಯ ನಂಬರು, ಅಂಗಡಿ ಬಿಲ್ಲು, ಎಲ್ಲದರ ಫೋಟೋ ತೆಗೆದು ನಿಮ್ಮ ತಂಗಿಗೂ ಒಂದು ಕಳಿಸಿಡಿ. ಉಳಿದ ಕಾಳನ್ನು ಗಾಳಿಯಾಡದ ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಮೇಲೆ ತಾರೀಖು ಬರೆದು, "ವಿಷ, ಮುಟ್ಟಬೇಡಿ" ಅಂತಲೂ ಬರೆದು ಫ್ರೀಜರಿನಲ್ಲಿಡಿ. ಬೂಸ್ಟು ಒಂದು ಮೂಲೆಯಲ್ಲಿ ಇದ್ದು ಇನ್ನೊಂದು ಮೂಲೆಯಲ್ಲಿ ಇರದೆ ಹೋಗಬಹುದು, ಹಾಗಾಗಿ ಒಂದು ಹಿಡಿ ಮಾತ್ರ ಇಟ್ಟು ಉಳಿದದ್ದು ಚೆಲ್ಲಬೇಡಿ. ಇದ್ದಷ್ಟೂ ಇಡಿ.

ಒಂದು ಕಾಗದದಲ್ಲಿ ಬರೆದುಕೊಳ್ಳಿ: ಚೀಲ ಒಡೆದ ದಿನ, ದಿನಕ್ಕೆ ಎಷ್ಟು ಗ್ರಾಂ, ಬಟ್ಟಲಲ್ಲಿ ಬಿಡಲು ಶುರು ಮಾಡಿದ ದಿನ, ವಾಂತಿಯ ದಿನ, ಜಂತಿನ ಮಾತ್ರೆ ಮತ್ತು ಲಸಿಕೆಯ ತಾರೀಖು. ಆ ಕಾಗದ ನೋಡಿದರೆ ಡಾಕ್ಟ್ರಿಗೆ ಅರ್ಧ ಕೆಲಸ ಆದ ಹಾಗೆ.

ತೋಟದಮನೆ, ಶಿರಸಿ · ಸೋಮವಾರ, ಬೆಳಿಗ್ಗೆ 6:30

ಇದನ್ನು ಓದಿ ನಂಗೂ ಎದೆ ಧಸಕ್ ಅಂತು. ನಾವು ಇದೇ ಕಂಪನಿ ಕಾಳನ್ನು ಶಿರಸಿ ಪೇಟೆಯಲ್ಲಿ ಬಿಡಿಯಾಗಿ ತರೋದು, ಎರಡು ಕೆ.ಜಿ., ಪ್ಲಾಸ್ಟಿಕ್ ಕೊಟ್ಟೆಯಲ್ಲಿ. ಅದರ ಮೇಲೆ ನಂಬರೂ ಇಲ್ಲ, ತಾರೀಖೂ ಇಲ್ಲ. ನಮ್ಮ ನಾಯಿ ತಿಂದದ್ದು ಯಾವ ಚೀಲದ್ದು ಅಂತ ಹೇಗೆ ತಿಳಿಯೋದು?

ಮತ್ತೊಂದು. ನಾಯಿಗೆ ಬೇಡ ಅಂತಾದರೆ ಹುರಿದು, ಇಲ್ಲಾ ಗಂಜಿ ಜೊತೆ ಕುದಿಸಿ ಆಕಳಿಗೆ ಹಾಕಬಹುದಾ ಅಂತ ಆಯಿ ಕೇಳ್ತಿದ್ದಾರೆ. ಒಂದೂವರೆ ಕೆ.ಜಿ. ಇದೆ, ಸುಮ್ಮನೆ ಚೆಲ್ಲೋದಾ ಅಂತ ಅವರಿಗೆ ಸಂಕಟ.

ನಿವೃತ್ತ ಪಶುವೈದ್ಯ, ಕುಮಟಾ · ಬೆಳಿಗ್ಗೆ 7:10

ಹಾಕಲೇಬಾರದು. ನಿಮ್ಮ ಆಯಿಗೆ ನಿಧಾನವಾಗಿ ತಿಳಿಸಿ ಹೇಳಿ. ಅಫ್ಲಾಟಾಕ್ಸಿನ್ ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ. ಬಿಸಿಲಿಗೆ ಹರಡಿದರೆ ಬೂಸ್ಟು ಸಾಯಬಹುದು, ಅದು ಬಿಟ್ಟ ವಿಷ ಕಾಳಿನಲ್ಲೇ ಇರುತ್ತದೆ. ಕಾರ್ಖಾನೆಯ ಬಿಸಿಯನ್ನೇ ತಡೆದು ಚೀಲದವರೆಗೆ ಬಂದದ್ದು ನಮ್ಮ ಒಲೆಗೆ ಬಗ್ಗುತ್ತದಾ?

ಆಕಳಿಗೆ ಹಾಕಿದರೆ ಅದು ಹಾಲಿಗೆ ಇಳಿಯುತ್ತದೆ. ಎಂ1 ಅಂತ ಬೇರೆ ರೂಪ ತಾಳಿ ಬರುತ್ತದೆ. ನಮ್ಮ ದೇಶದಲ್ಲಿ ಹಾಲಿನಲ್ಲಿ ಅದು ಕೆ.ಜಿ.ಗೆ 0.5 ಮೈಕ್ರೊಗ್ರಾಂ ಮೀರಬಾರದು ಅಂತ ಕಾನೂನೇ ಇದೆ. ಆ ಹಾಲು ಕುಡಿಯುವವರು ಮನೆಯ ಮಕ್ಕಳು. ಮಳೆಗಾಲದಲ್ಲಿ ಗಂಟುಕಟ್ಟಿದ ಶೇಂಗಾ ಹಿಂಡಿಗೂ ಇದೇ ಮಾತು. ಈ ವಿಷ ಮೊದಲು ಪತ್ತೆಯಾದದ್ದೇ ಶೇಂಗಾ ಹಿಂಡಿಯಲ್ಲಿ, 1960ರಲ್ಲಿ, ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ.

ನಮ್ಮ ದೇಶದ್ದೇ ಕಥೆ ಹೇಳುತ್ತೇನೆ. 1974ರಲ್ಲಿ ಮಳೆಗೆ ಸಿಕ್ಕ ಗೋವಿನಜೋಳ ತಿಂದು ರಾಜಸ್ಥಾನದ ಬಾಂಸ್ವಾಡಾ, ಗುಜರಾತಿನ ಪಂಚಮಹಲ್ ಕಡೆಯ ಹಳ್ಳಿಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಮೊದಲು ಕಾಮಾಲೆ, ಆಮೇಲೆ ಹೊಟ್ಟೆಯಲ್ಲಿ ನೀರು. ಆ ಮನೆಗಳಲ್ಲಿ ಅದೇ ಊಟ ಹಂಚಿಕೊಂಡ ನಾಯಿಗಳಿಗೂ ಅದೇ ಕಾಯಿಲೆ ಬಂತು. ನಾವು ಓದುವ ಕಾಲಕ್ಕೆ ಇದನ್ನು ಪಾಠದಲ್ಲಿ ಹೇಳುತ್ತಿದ್ದರು. ಮನುಷ್ಯರ ಕಾಯಿಲೆ, ನಾಯಿಯ ಕಾಯಿಲೆ ಅಂತ ಈ ವಿಷಕ್ಕೆ ಭೇದ ಇಲ್ಲ.

ಪೆಟ್ ಶಾಪ್, ಶಿರಸಿ · ಬೆಳಿಗ್ಗೆ 8:25

ತೋಟದಮನೆಯವರು ಹೇಳಿದ ಅಂಗಡಿ ನಂದೇ ಇರಬಹುದು. ಬಿಡಿ ಮಾರೋದು ನಾನೂ ಮಾಡ್ತೇನೆ. ಹಳ್ಳಿಯಿಂದ ಬರುವವರಿಗೆ 10 ಕೆ.ಜಿ. ಚೀಲ ಒಮ್ಮೆಲೇ ತಗೊಳ್ಳೋಕೆ ಆಗೋದಿಲ್ಲ, ಅರ್ಧ ಕೆ.ಜಿ. ಕೊಡಿ ಅಂತಾರೆ. ಚೀಲ ಒಡೆದು ಡಬ್ಬಿಗೆ ಸುರೀತೇನೆ. ಹಳೇದು ಖಾಲಿ ಆಗೋ ಮೊದಲೇ ಹೊಸ ಚೀಲ ಅದರ ಮೇಲೆ ಬಿದ್ದದ್ದೂ ಉಂಟು. ಖಾಲಿ ಚೀಲ ಸಂಜೆ ರದ್ದಿಗೆ ಹೋಗ್ತದೆ. ಅಂದರೆ ನನ್ನ ಡಬ್ಬಿಯಲ್ಲಿ ಈಗ ಇರೋದು ಯಾವ ಬ್ಯಾಚು ಅಂತ ನನಗೂ ಹೇಳೋಕೆ ಆಗೋದಿಲ್ಲ. ಇದನ್ನು ಬರೆಯೋಕೆ ಕಷ್ಟ ಆಗ್ತಿದೆ, ಆದರೂ ಬರೀತೇನೆ.

ಡಬ್ಬಿ ಈಗ ಮುಚ್ಚಿ ಟೇಪ್ ಹಾಕಿದ್ದೇನೆ. ಹೋಲ್‌ಸೇಲಿನವರ ಬಿಲ್ ತೆಗೆದು ನೋಡಿದೆ, ಆ ಬ್ಯಾಚಿನ ನಾಲ್ಕು ಚೀಲ ನನಗೆ ಬಂದಿದೆ. ಕಂಪನಿಯಿಂದಾಗಲಿ ಹೋಲ್‌ಸೇಲಿನಿಂದಾಗಲಿ ಒಂದು ಫೋನೂ ಇಲ್ಲ. ನಾನು ಇದನ್ನು ಇಲ್ಲಿ ಓದಿ ತಿಳಿದದ್ದು. ತೋಟದಮನೆಯವರೇ, ನಿಮ್ಮ ಕೊಟ್ಟೆ ಹಾಗೇ ತಂದುಕೊಡಿ, ದುಡ್ಡು ವಾಪಸ್ ಕೊಡ್ತೇನೆ. ನಾಯಿಗೆ ರಕ್ತ ಪರೀಕ್ಷೆ ಮಾಡಿಸಿ. ಬ್ಯಾಚ್ ಗೊತ್ತಿಲ್ಲ ಅಂದರೆ ಅದೇ ಬ್ಯಾಚ್ ಅಂತಲೇ ತಿಳೀಬೇಕು.

ಬಂಕಿಕೊಡ್ಲ · ಬೆಳಿಗ್ಗೆ 9:02

ಇಷ್ಟು ಹೆದರೋ ಅಗತ್ಯ ಇದೆಯಾ? ನಮ್ಮ ಮನೆ ನಾಯಿ ಹಳಸಿದ ಅನ್ನ, ಬೂಸ್ಟು ಹಿಡಿದ ರೊಟ್ಟಿ ತಿಂದೇ 13 ವರ್ಷ ಬದುಕಿತು. ಒಂದು ವಾಂತಿಗೆ ಸಾವಿರಾರು ರೂಪಾಯಿ ಟೆಸ್ಟ್ ಬರೆಸಿದರೆ ಬಡವರು ನಾಯಿ ಸಾಕೋದು ಹೇಗೆ?

ನಿವೃತ್ತ ಪಶುವೈದ್ಯ, ಕುಮಟಾ · ಬೆಳಿಗ್ಗೆ 9:30

ಖರ್ಚಿನ ಮಾತು ನಿಜ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ರೊಟ್ಟಿ ಒಂದು ದಿನದ್ದು. ಚೀಲದ ಕಾಳು ಬೆಳಿಗ್ಗೆ ಸಂಜೆ, ತಿಂಗಳುಗಟ್ಟಲೆ, ಅದೇ ಒಂದೇ ಊಟ. ತಪ್ಪಿದರೆ ಪ್ರತಿ ತುತ್ತೂ ತಪ್ಪು. ಅಮೆರಿಕದಲ್ಲಿ 2020ರ ಕೊನೆಯಲ್ಲಿ ಸ್ಪೋರ್ಟ್‌ಮಿಕ್ಸ್ ಎಂಬ ಕಾಳು ಇದೇ ವಿಷಕ್ಕೆ ವಾಪಸ್ ಆಯಿತು. ಜನವರಿ 2021ರ ಹೊತ್ತಿಗೆ ಅಲ್ಲಿಯ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎಗೆ ನೂರಕ್ಕೂ ಮೇಲೆ ನಾಯಿಗಳು ಸತ್ತ ವರದಿ ಬಂದಿತ್ತು. ಅಲ್ಲಿಯ ಮಿತಿ ಒಂದು ಶತಕೋಟಿ ಭಾಗಕ್ಕೆ 20 ಭಾಗ. ಅಷ್ಟು ಚಿಕ್ಕ ಪ್ರಮಾಣ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಹತ್ತುವುದಿಲ್ಲ. ಕಾಳು ಚಂದ ಇದೆ, ವಾಸನೆ ಇಲ್ಲ ಅನ್ನುವುದು ಸಾಕ್ಷಿ ಅಲ್ಲ.

ದುಡ್ಡು ಕಡಿಮೆ ಇದ್ದರೆ ಎಲ್ಲ ಟೆಸ್ಟ್ ಬೇಡ. ಎಸ್‌ಜಿಪಿಟಿ, ಬಿಲಿರುಬಿನ್ (ಇವೆರಡೂ ಲಿವರ್ ನೋಡುವುದಕ್ಕೆ), ಕ್ರಿಯಾಟಿನಿನ್ (ಕಿಡ್ನಿಗೆ), ರಕ್ತದ ಈ ಮೂರು ಪರೀಕ್ಷೆ ಮೊದಲು. ಸರಕಾರಿ ಪಶು ಆಸ್ಪತ್ರೆಯಲ್ಲಿ ನೋಡುವುದಕ್ಕೆ ಹೆಚ್ಚು ಖರ್ಚಿಲ್ಲ. ದೂರದ ಹಳ್ಳಿಯವರು ಪಶು ಆಂಬುಲೆನ್ಸಿನ ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಹತ್ತಿರ ಯಾರು ಸಿಗುತ್ತಾರೆ ಕೇಳಿ. ಆ ಗಾಡಿ ಮುಖ್ಯವಾಗಿ ದನಕರುಗಳಿಗೆ, ಆದರೆ ದಾರಿ ಕೇಳುವುದಕ್ಕೆ ಅಡ್ಡಿ ಇಲ್ಲ.

ಬೆಕ್ಕಿನ ಮನೆ, ಅಂಕೋಲಾ · ಬೆಳಿಗ್ಗೆ 11:15

ಬೆಕ್ಕು ಸಾಕಿದವರಿಗೆ ನಾಲ್ಕು ಮಾತು. ಎಲ್ಲ ರೀಕಾಲೂ ಒಂದೇ ಅಲ್ಲ. ನೋಟಿಸ್ ಬಂದಾಗ ಕಾರಣ ಏನು ಅಂತ ಮೊದಲು ಓದಿ, ಡಾಕ್ಟ್ರಿಗೆ ಅದನ್ನೇ ಹೇಳಿ. 2007ರ ಮಾರ್ಚಿನಲ್ಲಿ ಮೆನು ಫುಡ್ಸ್ ಅನ್ನುವ ಕಂಪನಿ 6 ಕೋಟಿಗೂ ಹೆಚ್ಚು ಡಬ್ಬಿ, ಪೌಚು ವಾಪಸ್ ತಗೊಂಡಿತ್ತು. ಅದರಲ್ಲಿ ಪೆಟ್ಟು ಬಿದ್ದದ್ದು ಲಿವರಿಗಲ್ಲ, ಕಿಡ್ನಿಗೆ. ಪ್ರೋಟೀನ್ ಜಾಸ್ತಿ ತೋರಿಸೋಕೆ ಗೋದಿಯ ಅಂಟಿಗೆ ಮೆಲಮೈನ್ ಬೆರೆಸಿದ್ದರು, ಅದು ಸಯನ್ಯೂರಿಕ್ ಆಮ್ಲದ ಜೊತೆ ಸೇರಿ ಕಿಡ್ನಿಯೊಳಗೆ ಹರಳುಗಟ್ಟಿತು. 2019ರಲ್ಲಿ ಹಿಲ್ಸ್ ಕಂಪನಿ ನಾಯಿಯ ಡಬ್ಬಿ ಆಹಾರ ವಾಪಸ್ ಕರೆದದ್ದು ವಿಟಮಿನ್ ಡಿ ಅತಿಯಾಗಿದ್ದಕ್ಕೆ. ಅಂಥಾ ಕಡೆ ನಾಯಿ ಬಿಂದಿಗೆಗಟ್ಟಲೆ ನೀರು ಕುಡೀತದೆ, ಮೂತ್ರ ಜಾಸ್ತಿ, ಜೊಲ್ಲು. ರಕ್ತದಲ್ಲಿ ಕ್ಯಾಲ್ಸಿಯಂ ನೋಡಬೇಕು.

ಸಾಲ್ಮೊನೆಲ್ಲಾ ಅಂತ ನೋಟಿಸ್ ಇದ್ದರೆ ನಾಯಿಗಿಂತ ಮೊದಲು ಮನೆಯ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಿ. ನಾಯಿ ಬೆಕ್ಕು ಆರಾಮ ಇದ್ದೂ ಮಲದಲ್ಲಿ ವಾರಗಟ್ಟಲೆ ಆ ರೋಗಾಣು ಬಿಡ್ತವೆ. ಬಟ್ಟಲು ಅಡುಗೆ ಸಿಂಕಿನಲ್ಲಿ ತೊಳೀಬೇಡಿ, ಬೇರೆ ಬಾಲ್ದಿಯಲ್ಲಿ ಬಿಸಿನೀರು ಸೋಪು ಹಾಕಿ ತೊಳೀರಿ. ಕಾಳು ಅಳೆಯುವ ಲೋಟ, ಡಬ್ಬಿ, ಬಟ್ಟಲ ಕೆಳಗಿನ ಚಾಪೆ ಎಲ್ಲ.

ಬೆಕ್ಕು ಹೊಸ ಊಟ ಮೂಸಿ ನೋಡಿ ಹೋಗ್ತದೆ. ಹಸಿದರೆ ತಾನೇ ತಿನ್ನುತ್ತದೆ ಅಂತ ಬಿಡಬೇಡಿ. ಎರಡು ಮೂರು ದಿನ ಪೂರ್ತಿ ಉಪವಾಸ ಬಿದ್ದರೆ ಬೆಕ್ಕಿನ ಲಿವರಿಗೆ ಕೊಬ್ಬು ತುಂಬಿ ಅದೇ ಬೇರೆ ಕಾಯಿಲೆ ಆಗ್ತದೆ, ದಪ್ಪ ಬೆಕ್ಕಿಗಂತೂ ಬೇಗ. ಹಾಗಂತ ಹಸಿ ತಾರ್ಲೆಯನ್ನೇ ದಿನಾ ಹಾಕೋದೂ ಸರಿಯಲ್ಲ. ಕೆಲವು ಹಸಿ ಮೀನಿನಲ್ಲಿ ವಿಟಮಿನ್ ಬಿ1 ಕೆಡಿಸುವ ಅಂಶ ಇರ್ತದೆ, ಬೆಕ್ಕು ತಲೆ ತಗ್ಗಿಸಿ ತೂರಾಡೋಕೆ ಶುರು ಮಾಡ್ತದೆ. ಬೇಯಿಸಿದರೆ ಆ ಅಂಶ ಹೋಗ್ತದೆ. ನಮ್ಮಲ್ಲಿ ಬಂದರಿಂದ ಮೀನು ತಂದ ಕೂಡಲೇ ಬೆಕ್ಕಿನ ಪಾಲು ಬೇರೆ ಪಾತ್ರೆಯಲ್ಲಿ ಒಲೆ ಮೇಲೆ ಹೋಗ್ತದೆ.

ಕೋಡಿಬಾಗದ ಮನೆ · ಸೋಮವಾರ, ಸಂಜೆ 7:20

ಈಗ ಮನೆಗೆ ಬಂದೆವು. ಬೆಳಿಗ್ಗೆ ಕಿಟಕಿ ಹತ್ತಿರ ಕಿವಿ ಮಡಚಿ ನೋಡಿದಾಗ ನನಗೆ ಅನುಮಾನ ಉಳೀಲಿಲ್ಲ, ತೆಳು ಹಳದಿ ಇತ್ತು, ಅರಿಶಿನದ ಕೈ ತೊಳೆದ ಮೇಲೆ ಉಗುರಿನ ಸುತ್ತ ಉಳಿಯುತ್ತದಲ್ಲ, ಅಷ್ಟೇ. ಬಾಲ ಮಾತ್ರ ಆಡಿಸ್ತಾನೇ ಇದ್ದ.

ಎಸ್‌ಜಿಪಿಟಿ 412 ಬಂತು, ಲ್ಯಾಬಿನ ಮೇಲಿನ ಮಿತಿ 100. ಬಿಲಿರುಬಿನ್ 1.4. ಕ್ರಿಯಾಟಿನಿನ್ ಸರಿ ಇದೆ, ಅಂದರೆ ಕಿಡ್ನಿ ಉಳಿದಿದೆ. ರಕ್ತ ಹೆಪ್ಪುಗಟ್ಟೋಕೆ ಸ್ವಲ್ಪ ಹೆಚ್ಚು ಹೊತ್ತು ಹಿಡೀತಿದೆ ಅಂದರು. ಸೂಜಿ ಚುಚ್ಚಿದ ಜಾಗ ಹತ್ತು ನಿಮಿಷ ಒತ್ತಿ ಹಿಡಿದೆ. ಹತ್ತಿ ತೆಗೆದರೆ ಮತ್ತೆ ಒಂದು ಹನಿ ಬರ್ತಿತ್ತು. ಆ ಹನಿ ನೋಡಿ ಮನೆಯವರು ಹೊರಗೆ ಹೋಗಿ ನಿಂತುಬಿಟ್ಟರು.

ಡ್ರಿಪ್ ಹಾಕಿದರು, ವಿಟಮಿನ್ ಕೆ ಇಂಜೆಕ್ಷನ್, ವಾಂತಿಗೆ ಔಷಧ, ಲಿವರಿಗೆ ಸಿಲಿಮರಿನ್ ಮತ್ತೊಂದು ಮಾತ್ರೆ. ಈ ವಿಷಕ್ಕೆ ಅಂತ ಪ್ರತಿವಿಷ ಇಲ್ಲವಂತೆ. ಲಿವರ್ ತಾನಾಗಿ ಚಿಗುರಬೇಕು, ಅಲ್ಲಿಯವರೆಗೆ ನಾವು ಆಸರೆ ಕೊಡಬೇಕು ಅಂದರು. ಡಾಕ್ಟ್ರು ರೀಕಾಲ್ ಸುದ್ದಿ ಕೇಳಿದ ಮೇಲೂ ಇಲಿಜ್ವರ ಮತ್ತು ಉಣ್ಣಿಜ್ವರದ ಟೆಸ್ಟ್ ಕೂಡ ಕಳಿಸಿದ್ದಾರೆ. ಯಾಕೆ ಅಂತ ಕೇಳೋ ಧೈರ್ಯ ಆಗಲಿಲ್ಲ.

ನಿವೃತ್ತ ಪಶುವೈದ್ಯ, ಕುಮಟಾ · ರಾತ್ರಿ 8:00

ಅವರು ಸರಿಯಾದ್ದನ್ನೇ ಮಾಡಿದ್ದಾರೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ನಾಯಿಯ ಕಣ್ಣು ಹಳದಿಯಾದರೆ ಮೊದಲು ನೆನಪಾಗಬೇಕಾದ್ದು ಇಲಿಜ್ವರ, ಲೆಪ್ಟೊಸ್ಪೈರೋಸಿಸ್. ಇಲಿಯ ಮೂತ್ರ ಬೆರೆತ ನಿಂತ ನೀರಿನಿಂದ ಬರುತ್ತದೆ. ಕಾಮಾಲೆ, ವಾಂತಿ, ರಕ್ತಸ್ರಾವ ಎಲ್ಲ ಹೀಗೇ. ಉಣ್ಣಿಯಿಂದ ಬರುವ ಬೆಬೀಸಿಯಾ ಕೂಡ ಹೀಗೇ ಕಾಣುತ್ತದೆ. ರೀಕಾಲ್ ಸುದ್ದಿ ಕೇಳಿ ಎಲ್ಲವನ್ನೂ ಚೀಲದ ಮೇಲೆ ಹೊರಿಸಿ ಕೂತರೆ, ಇಂಜೆಕ್ಷನ್ನಿನಲ್ಲಿ ಗುಣವಾಗುವ ಇಲಿಜ್ವರ ಕೈತಪ್ಪಿ ಹೋಗುತ್ತದೆ. ಅದು ಮನುಷ್ಯರಿಗೂ ಹತ್ತುತ್ತದೆ. ರಿಪೋರ್ಟ್ ಬರುವವರೆಗೆ ಪಾಂಡುವಿನ ಮೂತ್ರ ಬರಿಗೈಯಲ್ಲಿ ಒರೆಸಬೇಡಿ, ಗ್ಲೌಸ್ ಹಾಕಿ, ನೆಲಕ್ಕೆ ಬ್ಲೀಚಿಂಗ್ ನೀರು ಹಾಕಿ.

ಹೊನ್ನಾವರ ಸೇತುವೆ · ರಾತ್ರಿ 9:15

ನಾನು ನಿನ್ನೆ ರಾತ್ರಿಯಿಂದ ಓದ್ತಾ ಇದ್ದೇನೆ, ಬರೆಯೋಕೆ ಮನಸ್ಸು ಬರಲಿಲ್ಲ. ಹೋದ ವರ್ಷ ನಮ್ಮ ಚಿನ್ನು ಹೀಗೇ ಹೋದಳು. ಒಂಬತ್ತು ದಿನ ಊಟ ಬಿಟ್ಟಳು, ಹೊಟ್ಟೆಯಲ್ಲಿ ನೀರು ತುಂಬಿತು. ಏನು ತಿಂದಿದ್ದಾಳೆ ಅಂತ ಡಾಕ್ಟ್ರು ಕೇಳಿದಾಗ ತೋರಿಸೋಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಚೀಲ ಸುಟ್ಟಿದ್ದೆವು. ಅಂಗಡಿಯ ಬಿಲ್ ಇರಲಿಲ್ಲ. ಸತ್ತ ಮೇಲೆ ಪೋಸ್ಟ್‌ಮಾರ್ಟಂ ಮಾಡಿದರೆ ಗೊತ್ತಾಗಬಹುದು ಅಂದರು. ಮಗಳು ಅತ್ತದ್ದು ನೋಡಲಾಗದೆ ಅವತ್ತೇ ಮಾವಿನ ಮರದ ಬುಡದಲ್ಲಿ ಹೂಳಿದೆವು. ಆಹಾರದಿಂದಲೇ ಅಂತ ಇವತ್ತಿಗೂ ಹೇಳೋಕೆ ಆಗೋದಿಲ್ಲ, ಅಲ್ಲ ಅಂತ ಹೇಳೋಕೂ ಆಗೋದಿಲ್ಲ.

ಅಕ್ಕಾ, ನಿಮ್ಮ ಹತ್ತಿರ ಚೀಲ ಇದೆ. ನಿಮ್ಮ ಪಾಂಡು ಉಳೀಲಿ ಅಂತ ಇಡಗುಂಜಿ ಗಣಪತಿಗೆ ಹೇಳಿಕೊಂಡಿದ್ದೇನೆ.

ಕಾನೂನು ಓದಿದವ, ಕಾರವಾರ · ಮಂಗಳವಾರ, ಬೆಳಿಗ್ಗೆ 10:40

ದೂರಿನ ಬಗ್ಗೆ ನನಗೆ ತಿಳಿದಷ್ಟು. ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐಗೆ ಬರೆಯಿರಿ ಅಂತ ಬಹಳ ಜನ ಹೇಳ್ತಾರೆ. ಆದರೆ 2006ರ ಆಹಾರ ಸುರಕ್ಷತಾ ಕಾಯ್ದೆ "ಆಹಾರ" ಅನ್ನೋ ಪದದಿಂದ ಪಶು ಆಹಾರವನ್ನೇ ಹೊರಗಿಟ್ಟಿದೆ. ಮನುಷ್ಯರ ಬಿಸ್ಕೀಟಿಗೆ ಇರುವ ರೀಕಾಲ್ ನಿಯಮ ನಾಯಿಯ ಕಾಳಿಗೆ ಹಾಗೇ ಹತ್ತೋದಿಲ್ಲ. ಶಿರಸಿ ಅಂಗಡಿಯವರಿಗೆ ಒಂದು ಫೋನೂ ಬಾರದೇ ಇದ್ದದ್ದು ನನಗೆ ಆಶ್ಚರ್ಯ ಅಲ್ಲ, ಸಿಟ್ಟು ಮಾತ್ರ ಬಂತು.

ನಮಗೆ ಇರುವ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅಪಾಯಕಾರಿ ಸರಕನ್ನು ವಾಪಸ್ ತರಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಇದೆ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು ನಂಬರ್ ತಗೊಳ್ಳಿ. ಕಂಪನಿಗೆ ಈಮೇಲ್ ಬರೆಯಿರಿ, ಫೋನಿನಲ್ಲಿ ಆಡಿದ ಮಾತು ದಾಖಲೆ ಆಗೋದಿಲ್ಲ. ಚಿಕಿತ್ಸೆಯ ಖರ್ಚು ಕೊಡಲ್ಲ ಅಂದರೆ ಕಾರವಾರದಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಂಡ ವಸ್ತುವಿನ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ಘಟನೆಯಾದ ಎರಡು ವರ್ಷದೊಳಗೆ ಹೋಗಬೇಕು.

ಕಂಪನಿಯವರು ಚೀಲ ಕಳಿಸಿಕೊಡಿ ಅಂದರೆ ಎಲ್ಲವನ್ನೂ ಕೊಟ್ಟುಬಿಡಬೇಡಿ. ಅರ್ಧ ನಿಮ್ಮ ಫ್ರೀಜರಿನಲ್ಲೇ ಇರಲಿ. ಪರೀಕ್ಷೆ ಮಾಡಿಸೋದಾದರೆ ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯ, ಅಂದರೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನಲ್ಲೇ ಮಾಡಿಸಿ. ಡಾಕ್ಟ್ರ ಚೀಟಿಯಲ್ಲಿ ಆಹಾರದ ಹೆಸರು, ಬ್ಯಾಚ್ ನಂಬರ್ ಬರೆಸಿಕೊಳ್ಳಿ. ಸುಮ್ಮನೆ "ವಾಂತಿ, ಕಾಮಾಲೆ" ಅಂತ ಇದ್ದರೆ ಮುಂದೆ ಕೊಂಡಿ ಕೂಡಿಸೋಕೆ ಆಗೋದಿಲ್ಲ.

ಪೆಟ್ ಶಾಪ್, ಶಿರಸಿ · ಬುಧವಾರ, ರಾತ್ರಿ 8:30

ನಾಲ್ಕು ಚೀಲದಲ್ಲಿ ಒಂದು ಪೂರ್ತಿ ಹೋಗಿತ್ತು, ಯಲ್ಲಾಪುರದವರಿಗೆ, ಅವರು ಇನ್ನೂ ಒಡೆದಿರಲಿಲ್ಲ, ದೇವರ ದಯೆ. ಮೂರು ಡಬ್ಬಿಗೆ ಬಿದ್ದದ್ದು. ಬಿಡಿ ತಗೊಂಡವರಲ್ಲಿ ಹದಿನೇಳು ಜನರ ನೆನಪು ಬಂತು, ಹದಿಮೂರು ಜನರಿಗೆ ಫೋನ್ ಸಿಕ್ಕಿದೆ. ಸಿದ್ದಾಪುರ ಕಡೆಯ ಒಬ್ಬರು, ಹೆಸರು ಗೊತ್ತಿಲ್ಲ, ನೀಲಿ ಸ್ಕೂಟಿಯಲ್ಲಿ ಬರ್ತಾರೆ, ಎರಡು ಮರಿ ಇದೆ ಅಂದಿದ್ದರು. ಯಾರಿಗಾದರೂ ಗುರುತು ಸಿಕ್ಕರೆ ದಯವಿಟ್ಟು ತಿಳಿಸಿ. ಮರಿಗಳಿಗೆ ಇದು ಬೇಗ ಹತ್ತುತ್ತದಂತೆ.

ಇನ್ನು ಬಿಡಿ ಕೊಡುವಾಗ ಚೀಲದ ನಂಬರಿನ ಪಟ್ಟಿ ಕತ್ತರಿಸಿ ಡಬ್ಬಿಗೆ ಅಂಟಿಸ್ತೇನೆ, ಗಿರಾಕಿಯ ಕೊಟ್ಟೆಯ ಮೇಲೂ ಬರೀತೇನೆ. ಒಂದು ಚೀಲ ಖಾಲಿ ಆಗಿ, ಡಬ್ಬಿ ತೊಳೆದು ಒಣಗಿಸದೆ ಇನ್ನೊಂದು ಸುರಿಯೋದಿಲ್ಲ.

ತೋಟದಮನೆ, ಶಿರಸಿ · ರಾತ್ರಿ 9:05

ನೀಲಿ ಸ್ಕೂಟಿಯವರು ನಮ್ಮ ಅತ್ತಿಗೆಯ ತವರಿನ ಕಡೆಯವರು ಇರಬೇಕು. ಈಗಲೇ ಕೇಳ್ತೇನೆ. ನಮ್ಮ ನಾಯಿಯ ಎಸ್‌ಜಿಪಿಟಿ 88, ಸದ್ಯಕ್ಕೆ ಸರಿ. ಮುಂದಿನ ಬುಧವಾರ ಇನ್ನೊಮ್ಮೆ ನೋಡಬೇಕಂತೆ, ಮೊದಲ ಟೆಸ್ಟಿನಲ್ಲಿ ತೋರದ್ದು ಆಮೇಲೆ ತೋರಬಹುದಂತೆ. ಕೊಟ್ಟೆ ಅಂಗಡಿಗೆ ತಲುಪಿಸಿದೆ. ಆಯಿ ಹಿಂಡಿಯ ಚೀಲವನ್ನೂ ಬಿಚ್ಚಿ ನೋಡಿ, ತಳದ ಗಂಟು ತೆಗೆದಿಟ್ಟು ಡಾಕ್ಟ್ರಿಗೆ ತೋರಿಸಬೇಕು ಅಂತಿದ್ದಾರೆ.

ತೋಟದಮನೆ, ಶಿರಸಿ · ರಾತ್ರಿ 10:20

ಸಿಕ್ಕರು. ಅವರೇ. ಮರಿಗಳು ಆಟ ಆಡ್ತಿವೆಯಂತೆ. ಕಾಳು ನಿಲ್ಲಿಸಿದ್ದಾರೆ, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗ್ತಾರೆ.

ಕೋಡಿಬಾಗದ ಮನೆ · ಎರಡನೇ ಸೋಮವಾರ, ಮಧ್ಯಾಹ್ನ 1:30

ಇಲಿಜ್ವರ, ಉಣ್ಣಿಜ್ವರ ಎರಡೂ ಇಲ್ಲ ಅಂತ ರಿಪೋರ್ಟ್ ಬಂತು. ಮೂರು ದಿನ ಡ್ರಿಪ್ ಆಯ್ತು. ಇವತ್ತಿನ ಎಸ್‌ಜಿಪಿಟಿ 236, ಬಿಲಿರುಬಿನ್ 0.6. ಸೂಜಿ ತೆಗೆದ ಮೇಲೆ ಹತ್ತಿ ಒಂದು ನಿಮಿಷ ಒತ್ತಿದ್ದಷ್ಟೇ, ರಕ್ತ ನಿಂತಿತು. ಇನ್ನೂ ಒಂದು ತಿಂಗಳು ಮಾತ್ರೆ, ಎರಡು ವಾರಕ್ಕೊಮ್ಮೆ ಟೆಸ್ಟ್.

ಗೇಟಿನ ನಾಯಿಗಳಲ್ಲಿ ಕಂದು ಬಣ್ಣದ್ದು ದಿನಾ ಬರ್ತಿದೆ, ಕಣ್ಣು ಒಸಡು ಸರಿ ಇದೆ, ಅನ್ನ ಹಾಕ್ತಿದ್ದೇನೆ. ಬಿಳಿ ಕಾಲಿನದು ಶುಕ್ರವಾರದಿಂದ ಕಂಡಿಲ್ಲ. ಕಾಳಿ ಸೇತುವೆಯವರೆಗೂ ಹೋಗಿ ನೋಡಿ ಬಂದೆವು. ಎಡ ಕಿವಿ ಸ್ವಲ್ಪ ಹರಿದಿದೆ, ಕರೆದರೆ ಬರ್ತದೆ. ಕೋಡಿಬಾಗ, ಸದಾಶಿವಗಡ ಕಡೆ ಯಾರಿಗಾದರೂ ಕಂಡರೆ ಇಲ್ಲಿ ಬರೆಯಿರಿ, ಯಾವ ಹೊತ್ತಾದರೂ ಬಂದು ಕರ್ಕೊಂಡು ಹೋಗ್ತೇವೆ.